ಬಾವಿಯ ಎಲ್ಲೆ ಎಲ್ಲಿಯವರೆಗೆ? ಬೀದರಿನ ನೀರು ಮತ್ತು ಅದನ್ನು ಕಾಯಬೇಕಾದವರು

ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗುವವರು ಗುಹೆಯ ಕತ್ತಲಿನಲ್ಲಿ ಎದೆಮಟ್ಟದ ನೀರಿನೊಳಗೆ ನಡೆಯುತ್ತಾರೆ. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಗೋಡೆ ಹಿಡಿದು, ದೇವರ ಹೆಸರು ಕೂಗುತ್ತ ಸಾಗುವ ಆ ಜನರ ಕಾಲಡಿಯ ನೀರು ಹೊಳೆಯಿಂದ ಬಂದದ್ದಲ್ಲ, ಯಾರೋ ಪಂಪು ಹಚ್ಚಿ ತುಂಬಿಸಿದ್ದೂ ಅಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ನೆಲದೊಳಗೆ ಇಳಿದು, ಬಂಡೆಯ ಸಂದುಗಳಲ್ಲಿ ನಿಧಾನವಾಗಿ ಹರಿದು ಅಲ್ಲಿಗೆ ಬರುತ್ತದೆ. ಗುರುನಾನಕ ಝೀರಾದಲ್ಲಿ ಯಾತ್ರಿಕರು ತೀರ್ಥವೆಂದು ಸ್ವೀಕರಿಸುವ ಒರತೆಯೂ, ಪಾಪನಾಶದ ಶಿವನ ಸನ್ನಿಧಿಯ ನೀರೂ ಇದೇ ನೆಲದ ಕೊಡುಗೆ. ಈ ಮೂರೂ ತಾಣಗಳು ಊರಿನ ಎತ್ತರದ ಬಯಲು ಮುಗಿದು ಇಳಿಜಾರು ಆರಂಭವಾಗುವಲ್ಲಿ ಇರುವುದು ಆಕಸ್ಮಿಕವಲ್ಲ. ಬೀದರಿನ ನೀರಿನ ಚರ್ಚೆಯನ್ನು ನಳ ಮತ್ತು ಟ್ಯಾಂಕರುಗಳಿಂದ ಆರಂಭಿಸುವ ಬದಲು ಈ ನೆಲದ ರಚನೆಯಿಂದಲೇ ಆರಂಭಿಸಬೇಕು; ಏಕೆಂದರೆ ಊರಿನ ಜನರು ಕಳೆದ ಹಲವು ವರ್ಷಗಳಿಂದ ಬಾವಿ, ಕೆರೆ, ಸುರಂಗಗಳ ಮೇಲೆ ಸುರಿಸಿದ ಬೆವರು ಎಷ್ಟು ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಈ ರಚನೆಯೇ.

ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ಬೀದರಿನ ಬಯಲಿಗೆ ಜಂಬಿಟ್ಟಿಗೆಯ ಹೊದಿಕೆಯಿದೆ. ತೂತುತೂತಾದ ಈ ಕೆಂಪು ಕಲ್ಲು ಮಳೆಯನ್ನು ಅರಿವೆಯಂತೆ ಹೀರಿಕೊಳ್ಳುತ್ತದೆ. ಅದರ ಕೆಳಗೆ ಜೇಡಿಮಣ್ಣಿನ ಪದರ, ಮತ್ತೂ ಕೆಳಗೆ ದಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಬಂಡೆ. ಹೀರಿದ ನೀರು ಜೇಡಿಯನ್ನು ದಾಟಿ ಸುಲಭವಾಗಿ ಕೆಳಗಿಳಿಯಲಾರದು. ಆದ್ದರಿಂದ ಆ ಪದರದ ಮೇಲೆ ಜಾರುತ್ತ ಬಯಲಿನ ಅಂಚಿಗೆ ಬಂದು ಝರಿಯಾಗಿ ಹೊರಬೀಳುತ್ತದೆ. ಸುತ್ತಲಿನ ಕಪ್ಪು ಎರೆನೆಲದ ಹಳ್ಳಿಗಳಲ್ಲಿ ಸಿಗದ ಈ ಅನುಕೂಲ ಗುಡ್ಡದ ಮೇಲಿನ ಊರಿಗೆ ದೊರೆತಿತ್ತು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ರಕ್ಷಣೆಗೆ ಅನುಕೂಲವಾದ ಎತ್ತರದ ನೆಲೆಯ ಜೊತೆಗೆ ಅವನಿಗೆ ನೀರೂ ಸಿಕ್ಕಿತು. ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನು ಈ ಕಲ್ಲನ್ನೇ ಕಡಿದು ಮಾಡಲಾಗಿದೆ.

ಆ ಕಾಲದ ಬೀದರಿಗೆ ಪರ್ಷಿಯಾದಿಂದ ವಿದ್ವಾಂಸರು, ವ್ಯಾಪಾರಿಗಳು, ಶಿಲ್ಪಿಗಳು ಬಂದರು. ಪರ್ಷಿಯಾದಿಂದಲೇ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಆ ನಂಟಿನ ಕಣ್ಣೆದುರಿನ ಗುರುತು. ಕಣ್ಣಿಗೆ ಕಾಣದ ಇನ್ನೊಂದು ಗುರುತು ನೆಲದಡಿಯಲ್ಲಿದೆ. ಅದೇ ಕರೇಜ್, ಅಂದರೆ ನೀರಿನ ಸುರಂಗ. ಇರಾನಿನಲ್ಲಿ ಇದಕ್ಕೆ ಕನಾತ್ ಎನ್ನುತ್ತಾರೆ. ಅದರ ಕೆಲಸ ಕೇಳುವುದಕ್ಕೆ ಸರಳವಾದರೂ ಮಾಡುವುದು ಬಹಳ ಕಷ್ಟ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವ ಆಳದವರೆಗೆ ಒಂದು ತಾಯಿಬಾವಿಯನ್ನು ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ, ಕಣ್ಣಿಗೆ ಗೊತ್ತಾಗದಷ್ಟು ಕಡಿಮೆ ಇಳಿಜಾರಿನಲ್ಲಿ, ನೆಲದೊಳಗೇ ಸುರಂಗವನ್ನು ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆದು ಗೋಡೆ ಕುಸಿಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಸುರಂಗದುದ್ದಕ್ಕೂ ಅಷ್ಟಷ್ಟು ದೂರಕ್ಕೆ ಮೇಲಿನಿಂದ ಗಾಳಿಬಾವಿಗಳನ್ನು ಇಳಿಸಿರುತ್ತಾರೆ. ಅಗೆದ ಮಣ್ಣನ್ನು ಮೇಲೆತ್ತಲು, ಒಳಗೆ ದುಡಿಯುವವರಿಗೆ ಗಾಳಿ ಮತ್ತು ಬೆಳಕು ಸಿಗಲು, ಮುಂದೆ ವರ್ಷವರ್ಷ ಹೂಳು ತೆಗೆಯಲು ಇವೇ ದಾರಿ. ನೀರು ತನ್ನ ಭಾರದಿಂದಲೇ ಹರಿದು ಊರು ಸೇರುತ್ತದೆ. ಎತ್ತು, ಕಪಿಲೆ, ಇಂದಿನ ಮೋಟಾರು ಯಾವುದೂ ಬೇಕಿಲ್ಲ. ಬಿಸಿಲಿಗೆ ಆವಿಯಾಗಿ ಹೋಗುವ ಭಯವೂ ಇಲ್ಲ. ಬೀದರಿನಲ್ಲಿ ನೌಬಾದ್, ಶುಕ್ಲತೀರ್ಥ ಮತ್ತು ಜಮ್ನಾ ಮೋರಿ ಎಂಬ ಮೂರು ಇಂಥ ವ್ಯವಸ್ಥೆಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದ ನೌಬಾದಿನ ಸುರಂಗ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಅದಕ್ಕೆ ಇಪ್ಪತ್ತರಷ್ಟು ಗಾಳಿಬಾವಿಗಳಿವೆ.

ಈ ಸುರಂಗಗಳ ಪರಿಚಯ ನಮ್ಮ ಕಾಲದವರಿಗೆ ಹೊಸದಾಗಿ ಆಗಬೇಕಾಯಿತು ಎಂಬುದೇ ಯೋಚಿಸಬೇಕಾದ ಸಂಗತಿ. ಊರಿನವರು ದಿನವೂ ದಾಟಿ ಹೋಗುತ್ತಿದ್ದ ಗಾಳಿಬಾವಿಗಳು ಬಿಡಿಬಿಡಿಯಾದ ಪಾಳುಬಾವಿಗಳೆಂದೇ ಎಣಿಕೆಯಾಗಿದ್ದವು. ಕೆಲವು ಮುಚ್ಚಿಹೋದವು, ಕೆಲವು ಕಸದ ಗುಂಡಿಗಳಾದವು, ಕೆಲವುಗಳ ಮೇಲೆ ಜಾಲಿ ಬೆಳೆಯಿತು. ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರು ಕಳೆದ ದಶಕದಲ್ಲಿ ಸ್ಥಳೀಯ ಟೀಮ್ ಯುವಾ ಬಳಗದ ಸ್ವಯಂಸೇವಕರ ಜೊತೆ ಸೇರಿ ಸಮೀಕ್ಷೆ ನಡೆಸಿದಾಗ, ಸಾಲಾಗಿ ನಿಂತ ಈ ಬಾವಿಗಳು ಒಂದೇ ಸುರಂಗದ ಬಾಯಿಗಳೆಂಬುದು ನಕ್ಷೆಯ ಮೇಲೆ ಸ್ಪಷ್ಟವಾಯಿತು. ಬಳಿಕ ನೌಬಾದಿನಲ್ಲಿ ಹೂಳೆತ್ತುವ ಕೆಲಸ ನಡೆದು, ಸುರಂಗದಲ್ಲಿ ಮತ್ತೆ ನೀರು ಕಾಣಿಸಿತು. ಒಂದು ನಗರ ತನ್ನ ಕಾಲಡಿಯ ನೀರಿನ ದಾರಿಯನ್ನು ಮರೆತು ಮತ್ತೆ ಕಂಡುಕೊಂಡ ಈ ಘಟನೆ ಬೀದರಿನ ಇತ್ತೀಚಿನ ಇತಿಹಾಸದಲ್ಲಿ ದೊಡ್ಡದು ಎಂದು ನಾನು ಭಾವಿಸುತ್ತೇನೆ.

ಮರೆವಿಗೆ ಕಾರಣ ಜನರ ಅಸಡ್ಡೆಯೊಂದೇ ಎನ್ನುವುದು ನ್ಯಾಯವಲ್ಲ. ಹಳೆಯ ಬೀದರಿನ ಮನೆಗಳ ಅಂಗಳದಲ್ಲಿ ಸೇದುವ ಬಾವಿಗಳಿದ್ದವು. ಹಗ್ಗ, ಗಡಗಡಿ, ಕೊಡಗಳ ಜೊತೆಗೆ ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತು ಎಂಬ ಲೆಕ್ಕವೂ ಮನೆಯ ಹೆಂಗಸರಿಗೆ ದಿನವೂ ಗೊತ್ತಿರುತ್ತಿತ್ತು. ನಳದ ನೀರು ಬಂದಮೇಲೆ ಆ ದುಡಿಮೆ ತಪ್ಪಿತು. ಅದು ಒಳ್ಳೆಯದೇ ಆಯಿತು. ನೀರು ಸೇದಿ ಸೇದಿ ಸವೆದ ಕೈಗಳನ್ನು ಕಂಡವರು ಯಾರೂ ಹಳೆಯ ದಿನಗಳನ್ನು ಹಾಡಿ ಹೊಗಳಲಾರರು. ಆದರೆ ದುಡಿಮೆಯೊಂದಿಗೆ ಆ ಲೆಕ್ಕವೂ ಹೋಯಿತು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯದಲ್ಲಿ ನೀರು ಎಷ್ಟಿದೆ ಎಂಬುದು ನಳದ ಮುಂದೆ ಕೊಡ ಹಿಡಿದು ನಿಂತವರಿಗೆ ಕಾಣುವುದಿಲ್ಲ. ನಳ ಬರದ ದಿನ ಬೋರ್, ಬೋರ್ ಬತ್ತಿದ ದಿನ ಟ್ಯಾಂಕರ್ ಎಂಬಷ್ಟಕ್ಕೆ ನೀರಿನ ತಿಳಿವಳಿಕೆ ಕುಗ್ಗಿತು. ಬೋರ್‌ವೆಲ್ ಕೊರೆಯುವ ಯಂತ್ರವು ಜಂಬಿಟ್ಟಿಗೆ ಮತ್ತು ಜೇಡಿಯನ್ನು ದಾಟಿ ಬಸಾಲ್ಟ್ ಬಂಡೆಯ ಬಿರುಕುಗಳಿಗೆ ಇಳಿಯುವುದರಿಂದ, ಅಲ್ಲಿ ಕೊಳವೆಯನ್ನು ಸರಿಯಾಗಿ ಮುಚ್ಚದಿದ್ದರೆ ಮೇಲಿನ ಪದರದ ನೀರು ಕೆಳಗೆ ಸೋರಲು ದಾರಿಯಾಗುತ್ತದೆ. ಸೇದುವ ಬಾವಿ ಬತ್ತಿದ್ದಕ್ಕೆ ಮಳೆಯನ್ನು ದೂರುವ ಮೊದಲು ಪಕ್ಕದ ಬೋರ್‌ಗಳನ್ನೂ ಎಣಿಸಬೇಕು ಎಂದು ಹೇಳುವುದು ಈ ಕಾರಣಕ್ಕೆ.

2016ರ ಬೇಸಿಗೆಯನ್ನು ಬೀದರಿನವರು ಬೇಗ ಮರೆಯಲಾರರು. ನೆರೆಯ ಲಾತೂರಿಗೆ ಆ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಲಾತೂರಿನ ಮೇಲಿಂದ ಹರಿದು ಬರುವ ಮಾಂಜ್ರಾ ನದಿಯೇ ಬೀದರ್ ಜಿಲ್ಲೆಗೂ ಆಧಾರವಾದ್ದರಿಂದ, ಆ ರೈಲು ನಮ್ಮ ಮನೆಬಾಗಿಲಿಗೇ ಬಂದ ಎಚ್ಚರಿಕೆಯಾಗಿತ್ತು. ಅಂದಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಆ ದಿನಗಳಲ್ಲಿ ತೆರೆದ ಬಾವಿಗಳನ್ನು ಸ್ವಚ್ಛಗೊಳಿಸುವ, ಕೆರೆಗಳ ಹೂಳೆತ್ತುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡರು. ಸಂಘ ಸಂಸ್ಥೆಗಳು, ಯುವಕರು, ಓಣಿಯ ಹಿರಿಯರು ಅದರಲ್ಲಿ ಸೇರಿಕೊಂಡರು. ಕೆರೆಯ ಹೂಳನ್ನು ರೈತರು ತಮ್ಮದೇ ಖರ್ಚಿನಲ್ಲಿ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಸಾಗಿಸಿದರು. ಅಗೆಯುವ ಖರ್ಚು ಒಬ್ಬರದು, ಸಾಗಿಸುವ ಖರ್ಚು ಇನ್ನೊಬ್ಬರದು ಎಂಬ ಈ ಹಂಚಿಕೆಯಿಂದ ಸರ್ಕಾರದ ಹಣ ಹೆಚ್ಚು ಕೆಲಸಕ್ಕೆ ಒದಗಿತು. ಆ ವರ್ಷದ ಮಳೆಗಾಲದ ಕೊನೆಗೆ ಜೋರು ಮಳೆ ಸುರಿದಾಗ ಹೂಳೆತ್ತಿದ ಕೆರೆ ಬಾವಿಗಳಲ್ಲಿ ನೀರು ನಿಂತಿತು. ಬೀದರಿನಿಂದ ವರ್ಗಾವಣೆಯಾಗಿದ್ದ ತಿವಾರಿ ಅವರು 2017ರ ಮೇ ತಿಂಗಳಲ್ಲಿ ಲಖನೌದಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಬಾವಿಗಳನ್ನು ನೆನೆಯುವ ಜನ ಬೀದರಿನಲ್ಲಿ ಇಂದಿಗೂ ಇದ್ದಾರೆ.

ಹಾಗಾದರೆ ಆ ಕೆಲಸ ಮುಂದುವರಿಯುವುದು ಏಕೆ ಕಷ್ಟವಾಗುತ್ತದೆ? ಅಧಿಕಾರಿ ಬದಲಾದರು, ಉತ್ಸಾಹ ತಗ್ಗಿತು ಎಂಬ ಉತ್ತರ ಸುಳ್ಳಲ್ಲವಾದರೂ ಸಾಲದು. ನನ್ನ ತಿಳಿವಿನಂತೆ ಕಾರಣ ಇನ್ನೂ ಆಳದಲ್ಲಿದೆ. ಶ್ರಮದಾನವು ಬಾವಿಯನ್ನು ಒಂದು ವಸ್ತುವಾಗಿ ನೋಡುತ್ತದೆ: ಅದರಲ್ಲಿ ಕಸವಿದೆ, ತೆಗೆಯಬೇಕು, ಹೂಳಿದೆ, ಎತ್ತಬೇಕು, ಕಟ್ಟೆ ಒಡೆದಿದೆ, ಕಟ್ಟಬೇಕು. ಇದೆಲ್ಲ ಒಂದು ಭಾನುವಾರ ಅಥವಾ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ. ಮುಗಿದದ್ದು ಕಣ್ಣಿಗೂ ಕಾಣುತ್ತದೆ. ಆದರೆ ಬಾವಿಗೆ ನೀರು ಬರುವುದು ಅದರ ಸುತ್ತಲಿನ, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ದೂರದ, ಬಯಲಿನಿಂದ. ಆ ಬಯಲು ಬಾವಿಯ ಭಾಗವೆಂದು ಯಾವ ಕಾಗದದಲ್ಲಿಯೂ ಬರೆದಿಲ್ಲ. ಅಲ್ಲಿ ಹೊಸ ಬಡಾವಣೆ ಏಳುತ್ತದೆ, ಸಿಮೆಂಟಿನ ರಸ್ತೆ ಬೀಳುತ್ತದೆ, ಹತ್ತಾರು ಬೋರ್‌ಗಳು ಇಳಿಯುತ್ತವೆ. ಸ್ವಚ್ಛವಾದ ಬಾವಿ ಸ್ವಚ್ಛವಾಗಿಯೇ ಬತ್ತುತ್ತದೆ.

ಕನಾತ್ ಹುಟ್ಟಿದ ಇರಾನಿನಲ್ಲಿ ಈ ಸಮಸ್ಯೆಗೆ ಒಂದು ಹೆಸರೂ ಒಂದು ಪರಿಹಾರವೂ ಇದ್ದವು. ಪ್ರತಿ ಕನಾತಿಗೂ ಹರೀಮ್ ಎಂಬ ಎಲ್ಲೆಯಿರುತ್ತಿತ್ತು. ಆ ಎಲ್ಲೆಯೊಳಗೆ ಬೇರೆ ಯಾರೂ ಹೊಸ ಬಾವಿ ತೋಡುವಂತಿರಲಿಲ್ಲ. ನೆಲ ಗಟ್ಟಿಯಾಗಿದ್ದರೆ ಎಲ್ಲೆ ಕಿರಿದು, ಸಡಿಲವಾಗಿದ್ದರೆ ಹಿರಿದು. ಜೊತೆಗೆ ಮುಕನ್ನಿ ಎಂದು ಕರೆಯಲ್ಪಡುವ ಸುರಂಗ ಕಾರ್ಮಿಕರ ಒಂದು ಪರಂಪರೆಯೇ ಇತ್ತು. ಸುರಂಗ ತೋಡುವುದಷ್ಟೇ ಅಲ್ಲ, ಅದನ್ನು ದುರಸ್ತಿಯಲ್ಲಿ ಇಡುವುದೂ ಅವರ ಬದುಕಾಗಿತ್ತು, ಅದಕ್ಕೆ ನೀರಿನ ಪಾಲುದಾರರು ಕೂಲಿ ಕೊಡುತ್ತಿದ್ದರು. ಇರಾನಿನ 11 ಕನಾತ್‌ಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿಯೂ ಇದಕ್ಕೆ ಸಮನಾದ ಏರ್ಪಾಡುಗಳು ಇದ್ದವೆಂಬುದನ್ನು ಶಾಸನಗಳು ಹೇಳುತ್ತವೆ. ಕೆರೆಯ ನಿರ್ವಹಣೆಗಾಗಿ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕೆರೆಗೊಡಗೆ ಎಂಬ ಹೆಸರುಗಳು ಕರ್ನಾಟಕದ ಶಾಸನಗಳಲ್ಲಿ ಸಿಗುತ್ತವೆ. ಅಂದರೆ ಕೆರೆ ಕಟ್ಟಿಸಿದವನ ಪುಣ್ಯಕ್ಕೆ ಎಷ್ಟು ಬೆಲೆಯಿತ್ತೋ ಅದನ್ನು ವರ್ಷವರ್ಷ ಕಾಯುವವನ ಹೊಟ್ಟೆಪಾಡಿಗೂ ಅಷ್ಟೇ ಗಮನವಿತ್ತು. ಇಂದಿನ ಯೋಜನೆಗಳಲ್ಲಿ ಕಟ್ಟುವುದಕ್ಕೆ ಅನುದಾನವಿದೆ, ಹೂಳೆತ್ತುವುದಕ್ಕೆ ಅನುದಾನವಿದೆ. ಕಾಯುವವನ ಸಂಬಳ ಎಂಬ ಬಾಬತ್ತು ಹುಡುಕಿದರೂ ಸಿಗುವುದು ಕಷ್ಟ.

ಇಲ್ಲಿ ಕರಾವಳಿಯ ಕಡೆಗೊಮ್ಮೆ ನೋಡುವುದು ಉಪಯುಕ್ತ. ಬೀದರಿಗೂ ಕರಾವಳಿಗೂ ಮಳೆಯಲ್ಲಿ ಹೋಲಿಕೆಯೇ ಇಲ್ಲ, ಆದರೆ ನೆಲದಲ್ಲಿ ಇದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳೂ ಜಂಬಿಟ್ಟಿಗೆಯವೇ; ಅಲ್ಲಿನವರು ಅದನ್ನು ಮುರಕಲ್ಲು ಎನ್ನುತ್ತಾರೆ. ಆ ಗುಡ್ಡಗಳ ಬದಿಯಲ್ಲಿ ಅಡಿಕೆ ಬೆಳೆಗಾರರು ಅಡ್ಡಲಾಗಿ ಕೊರೆದ ನೀರಿನ ಸುರಂಗಗಳು ಇವತ್ತಿಗೂ ತೋಟಗಳಿಗೆ ಉಣಿಸುತ್ತಿವೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಲೇ ಬರಡು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸಲ ನೀರು ಸಿಗದೆ ಸೋತು, ಕೊನೆಗೆ ನೀರು ಕಂಡು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಲ್ಲಿನ ಸುರಂಗ ಉಳಿದಿರುವುದಕ್ಕೂ ಇಲ್ಲಿನದು ಮುಚ್ಚಿಹೋದದ್ದಕ್ಕೂ ಮುಖ್ಯ ವ್ಯತ್ಯಾಸವೆಂದರೆ ಒಡೆತನ. ಅಲ್ಲಿ ಸುರಂಗವೂ, ಅದರ ನೀರುಣ್ಣುವ ತೋಟವೂ, ಬಹುಮಟ್ಟಿಗೆ ಅದರ ಮೇಲಿನ ಗುಡ್ಡವೂ ಒಂದೇ ಮನೆತನದ್ದು. ನೌಬಾದಿನ ಸುರಂಗವಾದರೋ ಹತ್ತಾರು ಜನರ ಜಮೀನಿನಡಿ ಹಾದುಹೋಗುತ್ತದೆ. ಸಾರ್ವಜನಿಕ ಸ್ವತ್ತಿನ ವಿಷಯದಲ್ಲಿ ನಗರವಾಸಿಗಳ ಸಂಘಟನೆ ಏನು ಮಾಡಬಲ್ಲದು ಎಂಬುದಕ್ಕೆ ಕರಾವಳಿಯಲ್ಲಿ ಬೇರೆ ಉದಾಹರಣೆಯಿದೆ: ಮಂಗಳೂರಿನಲ್ಲಿ ರಾಮಕೃಷ್ಣ ಮಠದ ಮುಂದಾಳುತನದಲ್ಲಿ 2015ರಲ್ಲಿ ಆರಂಭವಾದ ಸ್ವಚ್ಛತಾ ಅಭಿಯಾನವು ಭಾನುವಾರದ ಶ್ರಮದಾನವನ್ನು ವರ್ಷಗಟ್ಟಲೆ ನಡೆಸಿತು. ಅದರಿಂದ ಕಲಿಯಬೇಕಾದದ್ದು ಪೊರಕೆ ಹಿಡಿಯುವುದನ್ನಲ್ಲ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಹಟವನ್ನು. ಒಂದು ಸಲ ಹತ್ತು ಬಾವಿ ತೊಳೆಯುವುದಕ್ಕಿಂತ ಒಂದೇ ಬಾವಿಯನ್ನು ಹತ್ತು ವರ್ಷ ನೋಡಿಕೊಳ್ಳುವ ಓಣಿ ನೀರಿನ ವಿಷಯದಲ್ಲಿ ಮುಂದಿರುತ್ತದೆ.

ಬೀದರಿನಲ್ಲಿ ಅಂಥ ಓಣಿ ಮಾಡಬಹುದಾದ ಮೊದಲ ಕೆಲಸ ಮಳೆಯನ್ನು ನೆಲಕ್ಕೆ ಇಳಿಸುವುದು. ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದು ಹಿಡಿದರೂ, 100 ಚದರ ಮೀಟರಿನ ಒಂದು ಮಾಳಿಗೆಯ ಮೇಲೆ 80,000 ಲೀಟರ್ ನೀರು ಬೀಳುತ್ತದೆ. ಅದರಲ್ಲಿ ನಾಲ್ಕನೇ ಒಂದು ಪಾಲು ಆವಿಯಾಗಿ, ಚೆಲ್ಲಿ ಹೋಯಿತೆಂದುಕೊಂಡರೂ ಉಳಿದ 60,000 ಲೀಟರ್ ಹತ್ತಾರು ಟ್ಯಾಂಕರುಗಳಿಗೆ ಸಮ. ಬೇರೆ ಊರುಗಳಲ್ಲಿ ಇಂಗುಗುಂಡಿ ತೋಡಿದರೆ ಗಟ್ಟಿ ಬಂಡೆ ಎದುರಾಗುವ ಅಥವಾ ಎರೆಮಣ್ಣು ನೀರನ್ನು ಬಿಡದ ತೊಂದರೆಯಿರುತ್ತದೆ. ಜಂಬಿಟ್ಟಿಗೆಯ ಮೇಲೆ ಕೂತ ಬೀದರಿಗೆ ಆ ತೊಂದರೆ ಕಡಿಮೆ. ಮಾಳಿಗೆಯ ನೀರನ್ನು ಜಲ್ಲಿ ಮತ್ತು ಮರಳಿನ ಸೋಸುಗುಂಡಿಯ ಮೂಲಕ ಅಂಗಳದ ಹಳೆಯ ಬಾವಿಗೇ ಇಳಿಸಬಹುದು. ಖಾಲಿ ನಿವೇಶನ, ಶಾಲೆಯ ಮೈದಾನ, ಗೋರಿಗಳ ಸುತ್ತಲಿನ ತೋಟದ ಬಯಲು, ಜಾತ್ರೆಯ ಮೈದಾನ ಇವೆಲ್ಲ ನೀರಿನ ಕಣ್ಣಿನಿಂದ ನೋಡಿದರೆ ಖಾಲಿ ಜಾಗಗಳಲ್ಲ. ಅವುಗಳಿಗೆ ಫರ್ಸಿ ಹಾಸುವುದನ್ನು ಅಭಿವೃದ್ಧಿ ಎಂದು ಕರೆಯುವ ರೂಢಿಯನ್ನು ನಾವು ಬಿಡಬೇಕಿದೆ. ಬಿಸಿಲು ಮಳೆ ತಾಗದ ಕೋಟೆಯ ಮಣ್ಣು ಸಿಗದಿದ್ದರೆ ಬಿದ್ರಿ ಪಾತ್ರೆಗೆ ಕಪ್ಪು ಬಣ್ಣ ಬಾರದೆಂದು ಹಿಡಿಮಣ್ಣಿನ ಬೆಲೆಯನ್ನು ಅರಿತ ಕಸಬುದಾರರ ಊರು ಇದು. ಮಳೆ ತಾಗಬೇಕಾದ ಮಣ್ಣಿನ ಬೆಲೆಯನ್ನೂ ಅದು ಅರಿಯಬಲ್ಲದು.

ನೀರನ್ನು ಬೇಗ ಹೀರುವ ಕಲ್ಲು ಕೊಳೆಯನ್ನೂ ಬೇಗ ಹೀರುತ್ತದೆ ಎಂಬುದನ್ನು ಮಾತ್ರ ಎಷ್ಟು ಹೇಳಿದರೂ ಕಡಿಮೆಯೇ. ಪಾಯಖಾನೆಯ ಗುಂಡಿಯಿಂದ ಇಳಿದ ನೀರು ಎರೆನೆಲದಲ್ಲಿ ನಿಧಾನವಾಗಿ ಸೋಸಿಹೋಗಬಹುದು, ಜಂಬಿಟ್ಟಿಗೆಯ ತೂತುಗಳಲ್ಲಾದರೆ ನೇರವಾಗಿ ಪಕ್ಕದ ಬಾವಿಗೆ ಸೇರಬಹುದು. ಹಳೆಯ ಊರಿನ ಕಿರಿದಾದ ಓಣಿಗಳಲ್ಲಿ ಬಾವಿ ಮತ್ತು ಗುಂಡಿಯ ನಡುವೆ ಹತ್ತು ಹೆಜ್ಜೆಯ ಅಂತರವೂ ಇರುವುದಿಲ್ಲ. ಆದ್ದರಿಂದ ತೆರೆದ ಬಾವಿಯನ್ನು ಉಳಿಸುವ ಕೆಲಸವನ್ನು ಒಳಚರಂಡಿಯ ಕೆಲಸದಿಂದ ಬೇರ್ಪಡಿಸಲು ಬಾರದು. ಬಾವಿ ಶುಚಿಗೊಳಿಸಿದ ದಿನವೇ ಪೂಜೆ ಮಾಡಿ ನೀರು ಕುಡಿಯಲು ಹಂಚುವ ಸಂಭ್ರಮದ ಬಗ್ಗೆ ನನಗೆ ಆತಂಕವಿದೆ. ಮೊದಲು ನೀರಿನ ಪರೀಕ್ಷೆ ಆಗಬೇಕು. ಕ್ರಿಮಿಗಳನ್ನು ಕೊಲ್ಲಲು ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿಯನ್ನು 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಪ್ರಮಾಣದಲ್ಲಿ ಹಾಕುವುದು ರೂಢಿ. ನಾಲ್ಕು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 37,700 ಲೀಟರ್ ಆಗುತ್ತದೆ. ಅದಕ್ಕೆ 94 ಗ್ರಾಂ ಪುಡಿ ಸಾಕು. ಕಣ್ಣಳತೆಯಲ್ಲಿ ಬಕೆಟ್ಟುಗಟ್ಟಲೆ ಸುರಿಯುವುದೂ ತಪ್ಪು, ಹಾಕದೆ ಬಿಡುವುದೂ ತಪ್ಪು. ಆದರೆ ಪಾಯಖಾನೆ ಗುಂಡಿಯಿಂದ ಬಂದ ನೈಟ್ರೇಟ್ ಈ ಪುಡಿಯಿಂದಾಗಲಿ ಕುದಿಸುವುದರಿಂದಾಗಲಿ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಒಂದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಹಸುಗೂಸುಗಳಿಗೆ ಅಪಾಯ. ಅಂಥ ಬಾವಿಯ ನೀರನ್ನು ಬಟ್ಟೆ, ಗಿಡ, ಮನೆ ತೊಳೆಯುವುದಕ್ಕೆ ಇಟ್ಟುಕೊಂಡು ಕುಡಿಯಲು ನಳದ ನೀರನ್ನೇ ನೆಚ್ಚುವುದು ಜಾಣತನ. ಅಷ್ಟಾದರೂ ಕಾರಂಜಾದ ಮೇಲಿನ ಭಾರ ಇಳಿಯುತ್ತದೆ.

ಗಣೇಶನ ಹಬ್ಬದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿಗಳನ್ನು ಬಳಸಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೇಳಿದೆ. ಹರಿಯುವ ಹೊಳೆಯಲ್ಲಿ ಕರಗದ ಮೂರ್ತಿ ಸ್ವಲ್ಪ ದೂರ ಹೋಗಿ ನಿಲ್ಲಬಹುದು, ಬಾವಿಯಲ್ಲಾದರೆ ತಳದಲ್ಲಿಯೇ ಕೂತು ಒರತೆಯ ಕಣ್ಣನ್ನು ಮುಚ್ಚುತ್ತದೆ. ಬಣ್ಣದ ವಿಷ ಹೊರಹೋಗಲು ದಾರಿಯಿಲ್ಲ. ಗಣೇಶ ಮಂಡಳಿಗಳ ಯುವಕರೇ ಬೇಸಿಗೆಯಲ್ಲಿ ಬಾವಿಗೆ ಇಳಿದು ದುಡಿಯುವವರೂ ಆಗಿರುವುದರಿಂದ, ಈ ಮಾತನ್ನು ಅವರಿಗೆ ಹೇಳಿ ಒಪ್ಪಿಸುವುದು ಬೇರೆ ಯಾರಿಗಿಂತಲೂ ಅವರ ಓಣಿಯ ಹಿರಿಯರಿಗೇ ಸುಲಭ.

ಬಾವಿಗೆ ಇಳಿಯುವವರ ಪ್ರಾಣದ ವಿಷಯ ಇನ್ನೂ ಗಂಭೀರವಾದದ್ದು. ಬಹಳ ಕಾಲ ಮುಚ್ಚಿದ್ದ ಬಾವಿ ಅಥವಾ ಸುರಂಗದಲ್ಲಿ ಕೊಳೆತ ವಸ್ತುಗಳಿಂದ ವಿಷಾನಿಲ ತುಂಬಿರುತ್ತದೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯಿಂದ ಆಮ್ಲಜನಕ ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲ ಇದ್ದರೂ ದೀಪ ಉರಿಯುತ್ತಿರಬಹುದು, ಸುಡುವ ಅನಿಲವಿದ್ದರೆ ದೀಪವೇ ಅಪಘಾತಕ್ಕೆ ಕಾರಣವಾಗಬಹುದು. ಅನಿಲ ಅಳೆಯುವ ಉಪಕರಣ, ಗಾಳಿ ಊದುವ ಯಂತ್ರ, ಸೊಂಟಕ್ಕೆ ಹಗ್ಗ, ಮೇಲೆ ಎಳೆದುಕೊಳ್ಳಲು ಇಬ್ಬರು ಆಳು ಇಲ್ಲದೆ ಯಾರನ್ನೂ ಒಳಗೆ ಇಳಿಸಬಾರದು. ಶ್ರಮದಾನದ ಚಿತ್ರಗಳಲ್ಲಿ ಬುಟ್ಟಿ ಕೈಗೆ ಕೈ ಸಾಗಿಸುವವರ ಮುಖ ಕಾಣುತ್ತದೆ. ತಳದಲ್ಲಿ ನಿಂತು ಬುಟ್ಟಿ ತುಂಬುವವನು ಹೆಚ್ಚಾಗಿ ದಿನಗೂಲಿಯವನೇ ಆಗಿರುತ್ತಾನೆ. ಬಾವಿ ತೋಡುವ, ಕಲ್ಲು ಕಟ್ಟುವ ಕಸಬಿನ ಕುಟುಂಬಗಳು ಈ ಭಾಗದಲ್ಲಿ ಬೋರ್‌ವೆಲ್ ಬಂದಮೇಲೆ ಬೇರೆ ಕೂಲಿಗೆ ಹೋಗಿವೆ. ಅವರ ಕೈಯಲ್ಲಿ ಉಳಿದಿರುವ ತಿಳಿವಳಿಕೆಗೆ ಸರಿಯಾದ ಸಂಬಳ ಕೊಟ್ಟು, ಒಂದೊಂದು ಸುರಂಗಕ್ಕೂ ಕಾಯಂ ಕಾವಲುಗಾರರನ್ನಾಗಿ ನೇಮಿಸಿಕೊಂಡರೆ ಮುಕನ್ನಿಯ ಜಾಗ ಮತ್ತೆ ತುಂಬುತ್ತದೆ. ಪರಂಪರೆಯ ಸಂರಕ್ಷಣೆ ಎಂದರೆ ಕಲ್ಲಿಗೆ ಗಾರೆ ಮೆತ್ತುವುದೆಂದು ತಿಳಿದಿರುವ ಕಡೆ ಈ ಮಾತು ಯಾರಿಗೂ ಸುಲಭವಾಗಿ ಹಿಡಿಸುವುದಿಲ್ಲವಾದರೂ ಹೇಳಲೇಬೇಕು.

ಕಾನೂನಿನ ಕಡೆಗೆ ಬಂದರೆ ಚಿಕ್ಕ ನಗರಗಳ ಜನರಿಗೆ ಒಂದು ವಿಶೇಷ ಕೊರತೆಯಿದೆ. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ವಾರ್ಡ್ ಸಮಿತಿಗಳು ಕಡ್ಡಾಯವಾಗಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ. 2011ರ ಜನಗಣತಿಯಲ್ಲಿ ಬೀದರಿನ ಜನಸಂಖ್ಯೆ ಸುಮಾರು 2.16 ಲಕ್ಷವಿತ್ತು. ಓಣಿಯ ಬಾವಿಯ ಬಗ್ಗೆ ಓಣಿಯ ಜನ ಕೂತು ಮಾತಾಡಿ, ಅದನ್ನು ದಾಖಲೆಗೆ ತಂದು, ಹಣ ಕೇಳುವ ಅಧಿಕೃತ ವೇದಿಕೆಯೇ ಇಂಥ ನಗರಗಳಿಗೆ ಸಂವಿಧಾನದಿಂದ ಸಿಕ್ಕಿರಲಿಲ್ಲ. ಹಾಗಾಗಿ ಕೆಲಸವೆಲ್ಲ ಅಭಿಯಾನಗಳ ಮತ್ತು ಒಳ್ಳೆಯ ಅಧಿಕಾರಿಗಳ ಪಾಲಿಗೆ ಬಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆಯು ಬೀದರ್ ಮತ್ತು ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆಗಳಾಗಿ ಮೇಲ್ದರ್ಜೆಗೇರಿಸಲು ಒಪ್ಪಿತು. ನಗರದ ಎಲ್ಲೆ ಹಿಗ್ಗಿ ಸುತ್ತಲಿನ ಹಳ್ಳಿಗಳು ಸೇರಿಕೊಂಡಾಗ ಬಯಲಿನ ಅಂಚಿನ ನೆಲವೂ ಕಟ್ಟಡಗಳ ಕಣ್ಣಿಗೆ ಬೀಳುತ್ತದೆ. ಅಪಾಯವೂ ಅವಕಾಶವೂ ಒಟ್ಟಿಗೇ ಬಂದಿರುವ ಹೊತ್ತಿದು.

ಅಂತರ್ಜಲದ ಹಕ್ಕಿನ ಪ್ರಶ್ನೆ ಇನ್ನೂ ಹಳೆಯದು. 1882ರ ಭೋಗ್ಯಾಧಿಕಾರ (ಈಸ್‌ಮೆಂಟ್) ಕಾಯ್ದೆಯು ಗೊತ್ತಾದ ಪಾತ್ರದಲ್ಲಿ ಹರಿಯದ ನೆಲದಡಿಯ ನೀರನ್ನು ಜಮೀನಿನ ಮಾಲೀಕನು ತನ್ನ ಗಡಿಯೊಳಗೆ ತೆಗೆದುಕೊಳ್ಳಬಹುದೆಂದು ಹೇಳುತ್ತದೆ. ಕರೇಜಿನ ನೀರಾದರೋ ಮನುಷ್ಯರು ಕೊರೆದು ಮಾಡಿದ, ಈಗ ನಕ್ಷೆಗೂ ಬಂದಿರುವ ಪಾತ್ರದಲ್ಲಿಯೇ ಹರಿಯುತ್ತಿದೆ. ಹಾಗಿರುವಾಗ ಅದನ್ನು ಉಳಿದ ಅಂತರ್ಜಲದಂತೆಯೇ ಎಣಿಸಬೇಕೇ ಎಂಬುದನ್ನು ಕಾನೂನು ಬಲ್ಲವರು ಬೀದರಿನ ಪರವಾಗಿ ಎತ್ತಬೇಕಾದ ಪ್ರಶ್ನೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬೋರ್ ಕೊರೆಯಲು ಅನುಮತಿ ಬೇಕು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯವನ್ನೂ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯವನ್ನೂ ಪುರಾತತ್ವ ಕಾಯ್ದೆ ಗೊತ್ತುಮಾಡಿದೆ. ಗೋಡೆ ಗುಮ್ಮಟಗಳನ್ನು ಕಾಯಲು ನೆಲದ ಮೇಲೆ ಗೆರೆ ಎಳೆಯುವುದು ನಮಗೆ ಗೊತ್ತು ಎಂದಾಯಿತು. ಅದೇ ಗೆರೆಯನ್ನು ನೀರು ಇಂಗುವ ಬಯಲಿಗೂ ಎಳೆಯಬೇಕು: ತಾಯಿಬಾವಿಯ ಸುತ್ತ ಹೊಸ ಬೋರ್ ಇಲ್ಲ, ಗಾಳಿಬಾವಿಗಳ ಸಾಲಿನ ಮೇಲೆ ಅಡಿಪಾಯವಿಲ್ಲ, ಇಂಗುವ ಬಯಲಿನಲ್ಲಿ ನಿವೇಶನ ಮಾಡಿದರೆ ಇಷ್ಟು ಪಾಲು ಮಣ್ಣನ್ನು ತೆರೆದೇ ಇಡಬೇಕು. ಆ ಜಮೀನಿನ ಮಾಲೀಕರಿಗೆ ಇದರಿಂದ ನಷ್ಟವಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಊರೆಲ್ಲ ಕುಡಿಯುವ ನೀರಿನ ಹೊಣೆಯನ್ನು ಹತ್ತು ರೈತರ ತಲೆಯ ಮೇಲೆ ಹೊರಿಸುವುದು ಅನ್ಯಾಯ. ತೆರಿಗೆ ರಿಯಾಯಿತಿಯೋ, ಬೇರೆಡೆ ಹೆಚ್ಚು ಕಟ್ಟಿಕೊಳ್ಳುವ ಪರ್ಯಾಯ ಅಭಿವೃದ್ಧಿ ಹಕ್ಕೋ, ನೇರ ಪರಿಹಾರವೋ ಯಾವುದಾದರೊಂದು ರೂಪದಲ್ಲಿ ಊರೇ ಆ ಬೆಲೆ ಕೊಡಬೇಕು.

ಸುರಂಗ ಹಾದುಹೋಗುವ ಸರ್ವೆ ನಂಬರುಗಳನ್ನು ಗುರುತಿಸಿ, ಪಹಣಿಯಲ್ಲಿ ಅದರ ನಮೂದು ಮಾಡಿಸುವುದು ಇವೆಲ್ಲಕ್ಕೂ ಮೊದಲು ಆಗಬೇಕಾದ, ಖರ್ಚು ಕಡಿಮೆಯ ಕೆಲಸ. ನಮೂದು ಇಲ್ಲದ ಕಾರಣ ಜಮೀನು ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವ ನೆಲದಡಿ ಆರುನೂರು ವರ್ಷಗಳಿಂದ ನೀರು ಹರಿಯುತ್ತಿದೆ ಎಂಬ ಸುಳಿವೇ ಸಿಗುವುದಿಲ್ಲ. ಪಾಯ ತೋಡುವಾಗ ಸಿಕ್ಕ ಬಾವಿಯನ್ನು ಅವನು ಮುರುಮು ಸುರಿದು ಮುಚ್ಚಿಸಿದರೆ ಅವನೊಬ್ಬನನ್ನೇ ದೂರಲಾಗದು. ಪಾಲಿಕೆಯ ಹೊಸ ನಕ್ಷೆ ಸಿದ್ಧವಾಗುವ ಮೊದಲು ಅದರ ಕರಡನ್ನು ಜನರ ಮುಂದಿಟ್ಟು ಆಕ್ಷೇಪಣೆಗೆ ಗಡುವು ಕೊಡಬೇಕಾಗುತ್ತದೆ. ಆ ದಿನ ಕಚೇರಿಗೆ ಹೋಗಿ, ನಕ್ಷೆಯ ಮೇಲೆ ನೌಬಾದಿನ ತಾಯಿಬಾವಿ ಎಲ್ಲಿದೆ, ಅದರ ಸುತ್ತಲಿನ ಗೆರೆ ಎಲ್ಲಿದೆ ಎಂದು ಬೆರಳಿಟ್ಟು ಕೇಳುವ ನೂರು ಜನ ಬೇಕು. ಬಾವಿಗೆ ಇಳಿದು ಹೂಳೆತ್ತಿದವರಲ್ಲಿ ಅಷ್ಟು ಜನ ಈ ಊರಿನಲ್ಲಿ ಖಂಡಿತ ಇದ್ದಾರೆ.